ವಧುವಿನ ಸೋದರಮಾವ ಉಣ್ಣದೆ ಹೋದ ಪ್ರಾಕ್ಟಿಕಲ್

ಇಂದ:
ವಿದ್ಯಾಶ್ರೀ ಹೆಚ್.,
ನಾಲ್ಕನೇ ಸೆಮಿಸ್ಟರ್, ಪ್ರವಾಸೋದ್ಯಮ ಮತ್ತು ಈವೆಂಟ್ ಮ್ಯಾನೇಜ್‌ಮೆಂಟ್ ಸ್ನಾತಕೋತ್ತರ ವಿಭಾಗ,
ವಾಸ: ಕಾಗದನಗರ, ಭದ್ರಾವತಿ

ಗೆ:
ಡಾ. ಜ್ಞಾನೇಶ್,
ವಿಭಾಗದ ಮುಖ್ಯಸ್ಥರು ಹಾಗೂ ವಧುವಿನ ತಂದೆ,
ಶಿವಮೊಗ್ಗ

ವಿಷಯ: ತಮ್ಮ ಮಗಳ ಮದುವೆಯಲ್ಲಿ ನನಗೆ ಬಿದ್ದ ಸೊನ್ನೆಯ ಮರುಪರಿಶೀಲನೆ.

ಉಲ್ಲೇಖ: 1. ಜನಸಂದಣಿ ನಿರ್ವಹಣೆ ಕುರಿತು ತಮ್ಮ ಪಾಠ.
2. ಟೋಕನ್ ಯೋಜನೆಯ ಮೇಲೆ ತಮ್ಮ ಸಹಿ.
3. ತಮ್ಮ ಭಾವನವರ ಸಿಟ್ಟು.

ಮಾನ್ಯರೇ,

ಮೇ 11, ಭಾನುವಾರ, ಮಧ್ಯಾಹ್ನ 1.20. ಆಲ್ಕೊಳದ ಕಲ್ಯಾಣ ಮಂಟಪದಿಂದ ವಧುವಿನ ಸೋದರಮಾವ ಶಿವಯೋಗಪ್ಪನವರು ಊಟ ಮಾಡದೆ ಹೊರಟುಹೋದರು. ಇದರಲ್ಲಿ ವಿವಾದವಿಲ್ಲ. ವಿವಾದವಿರುವುದು, ಅದಕ್ಕಾಗಿ ಯಾರು ಫೇಲಾಗಬೇಕು ಎಂಬುದರಲ್ಲಿ.

1. ಸದರಿ ಮದುವೆಯನ್ನು ನಮ್ಮ ತರಗತಿಯ ಐವತ್ತು ಅಂಕದ ಪ್ರಾಕ್ಟಿಕಲ್ ಎಂದು ತಾವು ಘೋಷಿಸಿದ ಕಾರಣ, ಹೊರಗಿನಿಂದ ಬಡಿಸುವವರನ್ನು ಕರೆಸುವ ಅಗತ್ಯ ಬೀಳಲಿಲ್ಲ. ಕಲಿಕೆ ಎಂದರೆ ಇದೇ ಎಂದು ತಾವು ತಿಳಿಸಿದಿರಿ. ನಾವು ತಿಳಿದುಕೊಂಡೆವು.

2. ನನ್ನ ಪಾಲಿಗೆ ಊಟದ ಹಾಲ್ ಬಂತು. ಉಣ್ಣುತ್ತಿರುವವರ ಕುರ್ಚಿಯ ಬೆನ್ನು ಹಿಡಿದು ಮುಂದಿನ ಪಂಕ್ತಿಯವರು ಕಾಯುವ ನಮ್ಮ ಪದ್ಧತಿಯನ್ನು ತಾವು ಪಾಠದಲ್ಲಿ, "ಇದು ಊಟ ಅಲ್ಲ ಕಣ್ರಪ್ಪ, ಮುತ್ತಿಗೆ" ಎಂದು ಬಣ್ಣಿಸಿದ್ದೀರಿ. ಆದ್ದರಿಂದ, ಹಾಲ್‌ನ ಬಾಗಿಲಿಗೆ ಬಂದ ಸರದಿಯಂತೆ ಟೋಕನ್ ಕೊಡುವ ಯೋಜನೆ ಸಿದ್ಧಪಡಿಸಿದೆ. ತಾವು ಸಹಿ ಹಾಕಿ, "ಶಿವಮೊಗ್ಗದಲ್ಲೇ ಯಾರೂ ಮಾಡಿಲ್ಲ" ಎಂದಿರಿ. ಯಾಕೆ ಮಾಡಿಲ್ಲ ಎಂಬುದು 1.20ಕ್ಕೆ ತಿಳಿಯಿತು.

3. ಶಿವಯೋಗಪ್ಪನವರಿಗೆ ಬಂದದ್ದು 214ನೇ ಟೋಕನ್.

"ಏನಮ್ಮ ಇದು?"

"ಟೋಕನ್ ಅಂಕಲ್. ನಿಮ್ಮ ನಂಬರ್ ಬಂದಾಗ ಕೂಗ್ತೀವಿ."

"ನಾನೇನು ಡಾಕ್ಟ್ರ ಹತ್ರ ಬಂದಿದೀನಾ? ಹುಡುಗೀನ ಮಂಟಪಕ್ಕೆ ಕರ್ಕೊಂಡು ಬಂದವನು ನಾನು. ನಮ್ಮ ಷಡ್ಕ ಸಿದ್ದಯ್ಯ, ಮುಹೂರ್ತಕ್ಕೂ ಬರದವನು, ಆಗ್ಲೇ ಎರಡನೇ ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಿದಾನೆ!"

"ಅವರದ್ದು ಹನ್ನೊಂದು, ಅಂಕಲ್."

ಈ ಮಾಹಿತಿ ನೂರಕ್ಕೆ ನೂರು ಸರಿಯಾಗಿತ್ತು. ಪ್ರಯೋಜನವಾಗಲಿಲ್ಲ.

4. ಸೋದರಮಾವನನ್ನು ಮನೆಯ ಯಜಮಾನನೇ ಬಂದು "ಏಳಿ, ಊಟಕ್ಕೆ" ಎಂದು ಎಬ್ಬಿಸಬೇಕೆಂಬುದು ಪಠ್ಯಕ್ರಮದಲ್ಲಿಲ್ಲ. ಅದು ತಮಗೆ ಗೊತ್ತಿರಬೇಕಿತ್ತು. ಆ ವೇಳೆ ತಾವು ವೇದಿಕೆಯ ಮೇಲೆ ಗಣ್ಯರೊಂದಿಗೆ ಫೋಟೊ ತೆಗೆಸಿಕೊಳ್ಳುತ್ತಿದ್ದ ಕಾರಣ ಬಂದಿರುವುದಿಲ್ಲ.

5. ಅಂದಿನಿಂದ ತಮ್ಮ ಪತ್ನಿ ಜಗದಾಂಬಾ ಮೇಡಂ, ಅಣ್ಣ ಉಣ್ಣದೆ ಹೋದನೆಂದು ತಮ್ಮೊಡನೆ ಮಾತು ಬಿಟ್ಟಿದ್ದಾರೆ. ಆದ್ದರಿಂದ ನನಗೆ ಸೊನ್ನೆ. ಕೇಳಲು ಬಂದಾಗ ತಾವು, "ನಮ್ಮ ಭಾವ ಮನೆಗೆ ಬಂದು ಊಟ ಮಾಡ್ಲಿ, ಆಮೇಲೆ ನಿನ್ನ ಮಾರ್ಕ್ಸ್ ಮಾತು" ಎಂದಿರಿ. ಪಾರ್ಕಿಂಗ್ ಹೊಣೆ ಹೊತ್ತಿದ್ದ ಸಹಪಾಠಿ ಲೋಹಿತ್‌ಗೆ ನಲವತ್ತೆರಡು. ಅವನು ಅಂದು ಮೊದಲ ಪಂಕ್ತಿಯಲ್ಲೇ ಕೂತಿದ್ದ. ಸೊನ್ನೆ ಉಳಿದರೆ ನಾನು ಇನ್ನೊಂದು ವರ್ಷ ಓದಬೇಕು. ಕೆಲಸ ಕೊಡುತ್ತೇವೆಂದ ಹೋಟೆಲಿನವರು ಅಷ್ಟು ದಿನ ಕಾಯುವುದಿಲ್ಲ.

6. ಕಾರಣ, ನಾನೇ ಗಾಂಧಿ ಬಜಾರಿನ ಶಿವಯೋಗಪ್ಪನವರ ಬೇಳೆ ಅಂಗಡಿಗೆ ಹೋಗಿ ಕ್ಷಮೆ ಕೇಳಿದೆ.

"ನಿನ್ನ ಮೇಲೇನು ಸಿಟ್ಟು ಮಾರಾಯ್ತಿ? ಕರೀಬೇಕಾಗಿದ್ದವನು ಅವನು. ನಿಮ್ಮ ಸಾರಿಗೆ ಹೇಳು, ನನ್ನ ನಂಬರ್ ಇನ್ನೂ ಕೂಗಿಲ್ಲ." ಟೋಕನ್ ಗಲ್ಲಾಪೆಟ್ಟಿಗೆಯಲ್ಲಿ ಜೋಪಾನವಾಗಿದೆ.

ಆದ್ದರಿಂದ ತಾವು ದಯಮಾಡಿ ನನ್ನ ಅಂಕ ಕೊಡಬೇಕು. ಇಲ್ಲವೇ ಖುದ್ದು ಗಾಂಧಿ ಬಜಾರಿಗೆ ಹೋಗಿ ಆ ಎರಡು ಪದ ಹೇಳಬೇಕು. ಎರಡನ್ನೂ ಮಾಡಿದರೆ ಆಕ್ಷೇಪವಿಲ್ಲ.

ತಮ್ಮ ವಿಶ್ವಾಸಿ, ಅಂಕ ಬರುವವರೆಗಾದರೂ,
ವಿದ್ಯಾಶ್ರೀ ಹೆಚ್.

ಲಗತ್ತು:
1. ತಮ್ಮ ಸಹಿಯುಳ್ಳ ಯೋಜನೆ.
2. 214ನೇ ಟೋಕನ್ನಿನ ಜೆರಾಕ್ಸ್ (ಮೂಲ ಕೊಡಲು ಶಿವಯೋಗಪ್ಪನವರು ಒಪ್ಪಲಿಲ್ಲ).

ಅರ್ಜಿದಾರಳ ಪ್ರತಿಯ ಮೇಲಿನ ಟಿಪ್ಪಣಿ: ಮೇ 19, ಸೋಮವಾರ ಅರ್ಜಿ ಕೊಡಲು ಹೋದಾಗ ಮುಖ್ಯಸ್ಥರು ವಿಭಾಗದಲ್ಲಿರಲಿಲ್ಲ. ಗಾಂಧಿ ಬಜಾರಿನಲ್ಲಿ ಸಿಕ್ಕರು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಶಿವಯೋಗಪ್ಪನವರು ಮುಖ್ಯಸ್ಥರ ಕೈಗೆ 214ನೇ ಟೋಕನ್ ಕೊಟ್ಟು, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರಿಸಿದ್ದರು. ಅರ್ಜಿಯನ್ನು ಅಲ್ಲೇ ಕೊಟ್ಟೆ. ಓದಲು ಅವರಿಗೆ ಸಾಕಷ್ಟು ಸಮಯವಿತ್ತು. ಎರಡು ಗಂಟೆಗೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಮುಖ್ಯಸ್ಥರ ಮನೆಗೆ ಊಟಕ್ಕೆ ಹೋದರು.

ಬುಧವಾರ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಇಪ್ಪತ್ತು ಇತ್ತು. ಪಾಸಾಗಲು ಬೇಕಾದದ್ದು ಇಪ್ಪತ್ತು.