ಬೀಗವಿಲ್ಲದ ಸರ್ವರ್

ಬೀದರಿನಲ್ಲಿ ನನ್ನದೊಂದು ಪ್ರಿಂಟಿಂಗ್ ಪ್ರೆಸ್ ಇದೆ. ಭಾಲ್ಕಿಯಲ್ಲಿ ಒಂದು, ಔರಾದಿನಲ್ಲಿ ಒಂದು ಶಾಖೆ. ಲಗ್ನಪತ್ರಿಕೆಯೇ ನಮ್ಮ ಮುಖ್ಯ ಧಂದೆ. ನನ್ನ ಹತ್ತಿರ ಡಿಸೈನಿಗೆಂದು ಮ್ಯಾಕ್ ಇದೆ. ಭಾಲ್ಕಿಯ ಸಂಗೀತಾ ವಿಂಡೋಸ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಔರಾದಿನ ಮಾರುತಿಗೆ ಪುಕ್ಕಟೆ ಸಿಗುತ್ತದೆಂಬ ಒಂದೇ ಕಾರಣಕ್ಕೆ ಲಿನಕ್ಸ್ ಮೇಲೆ ಅಪಾರ ಭಕ್ತಿ. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಔರಾದಿನಲ್ಲಿ ಟೈಪಾದ 'ಚಿರಂಜೀವಿ' ನನ್ನ ಪರದೆಗೆ ಬರುವಷ್ಟರಲ್ಲಿ ಸಾಲಾಗಿ ಖಾಲಿ ಡಬ್ಬಿಗಳಾಗಿರುತ್ತಿದ್ದ.

ಆದಕಾರಣ ನಾನು ಸರ್ವರ್ ತರಿಸಿದೆ. ಯಾವ ಜಾತಿಯ ಕಂಪ್ಯೂಟರ್ ಬಂದರೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸುವ ಸರ್ವರ್ ಅದು. ಒಂದೇ ಫೋಲ್ಡರನ್ನು ಮೂರೂ ಊರಿನಿಂದ ತೆರೆಯಬಹುದು. ಯಾರು ನೋಡಬೇಕು, ಯಾರು ತಿದ್ದಬೇಕು ಎಂದು ಹಕ್ಕು ಹಂಚಬಹುದು. ಒಬ್ಬರು ಫೈಲು ತೆರೆದಾಗ ಇನ್ನೊಬ್ಬರು ಕೈಹಾಕದಂತೆ ಬೀಗವನ್ನೂ ಹಾಕುತ್ತದೆ. ಈ ಬೀಗದ ವಿಷಯ ಓದಿ ನನಗೆ ನಗು ಬಂತು. ನೆಂಟರಿಷ್ಟರು ಓಡಾಡುವ ಮನೆಗೆ ಹಗಲು ಹೊತ್ತು ಯಾರಾದರೂ ಬೀಗ ಹಾಕುತ್ತಾರೆಯೇ? ತೆಗೆದುಬಿಟ್ಟೆ. ಎಲ್ಲರಿಗೂ ತಿದ್ದುವ ಹಕ್ಕು ಕೊಟ್ಟೆ.

"ಎಲ್ಲಾರಿಗೂ ಎಲ್ಲಾ ಕೊಟ್ರ ಹ್ಯಾಂಗ್ರಿ?" ಎಂದಳು ಹೆಂಡತಿ ಮಹಾನಂದಾ. "ಅಡಗಿ ಮನ್ಯಾಗ ನಾಕ್ ಮಂದಿ ಸೇರಿದ್ರ ಬ್ಯಾಳಿಗಿ ನಾಕ್ ಸಲ ಉಪ್ಪು ಬೀಳ್ತದ."

"ಇದು ಟೆಕ್ನಿಕಲ್ ಅದ, ನಿನಗ ತಿಳಿಯಾಂಗಿಲ್ಲ" ಎಂದೆ. ಮುಖ ತಿರುಗಿಸಿದಳು. ಸಮಾಧಾನಕ್ಕಾಗಿ 'ಅಡ್ಮಿನಿಸ್ಟ್ರೇಟರ್' ಎಂಬ ಪದವಿಯನ್ನು ಅವಳ ಹೆಸರಿಗೇ ಬರೆದು, ಪಾಸ್‌ವರ್ಡನ್ನೂ ಅವಳಿಂದಲೇ ಹಾಕಿಸಿದೆ. ಖರ್ಚಿಲ್ಲದ ಬಿರುದು, ಹೋಗಲಿ ಎಂದುಕೊಂಡೆ.

ಸರ್ವರಿನ ಮೊದಲ ಕೆಲಸವೇ ಮಹಾನಂದಾಳ ತಂಗಿಯ ಲಗ್ನಪತ್ರಿಕೆ. ಹೆಣ್ಣಿನವರು ಔರಾದಿನವರು, ಗಂಡಿನವರು ಭಾಲ್ಕಿಯವರು, ಇಬ್ಬರಿಗೂ ಸೇರಿ ಒಂದೇ ಪತ್ರಿಕೆ. ತಿದ್ದಿ ಅಚ್ಚು ಹಾಕಲು ಇದ್ದದ್ದು ಒಂದೇ ದಿನ, ಮರುದಿನ ಮುಂಜಾನೆ ಮೊದಲ ಪ್ರತಿಯನ್ನು ಮನೆದೇವರ ಮುಂದೆ ಇಡಬೇಕು. "ಅಳಿಯಾರ ಇದ್ದಾರ, ಪತ್ರಿಕಿ ಚಿಂತಿ ನಮಗಿಲ್ಲ" ಎಂದು ಮಾವನವರು ತುಂಬಿದ ಮನೆಯಲ್ಲಿ ಹೇಳಿಬಿಟ್ಟಿದ್ದರು. ಮದುವೆಯಾದಾಗಿನಿಂದ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅದನ್ನು ಉಳಿಸಿಕೊಳ್ಳಬೇಕಿತ್ತು.

ಆ ದಿನ ಬೆಳಿಗ್ಗೆ ಫೈಲು ತೆರೆದೆ. 'ಸುಖಾಗಮನ ಬಯಸುವವರು' ಎಂಬಲ್ಲಿ ಮೊದಲ ಹೆಸರು ದೊಡ್ಡ ಮಾವನದು, ಅಂದರೆ ನನ್ನ ಮಾವನ ಅಣ್ಣನದು. ಚಹಾ ಕುಡಿದು ಬಂದು ನೋಡಿದರೆ ಮೊದಲ ಹೆಸರು ವರನ ಕಾಕಾನದು! ಕನ್ನಡಕ ಒರೆಸಿ ನೋಡಿದೆ. ಮತ್ತೆ ದೊಡ್ಡ ಮಾವ, ಈ ಸಲ ದಪ್ಪಕ್ಷರದಲ್ಲಿ. ಪೇಪರು ಎಣಿಸಿ ಬಂದೆ. ಕಾಕಾ ಮೇಲಿದ್ದರು, ಹೆಸರಿನ ಹಿಂದೆ 'ಶ್ರೀಮಾನ್' ಕೂಡ ಸೇರಿತ್ತು. ವೈರಸ್ ಎಂದು ತಿಳಿದು ಅದಕ್ಕೆ ತಕ್ಕ ಔಷಧ ಓಡಿಸಿದೆ. ಸರ್ವರನ್ನು ಆರಿಸಿ ಹಚ್ಚಿದೆ. ದೊಡ್ಡ ಮಾವ ಮತ್ತೆ ಮೇಲೆ ಬಂದರು. ಸರ್ವರಿಗೆ ನಿಂಬೆಹಣ್ಣು ಕಟ್ಟುವ ಯೋಚನೆಯೂ ಬಂದುಹೋಯಿತು.

ಕೊನೆಗೆ ಔರಾದಿಗೆ ಫೋನ್ ಮಾಡಿದೆ. "ಮಾರುತಿ, ಇಲ್ಲಿ ಹೆಸರು ತಾವೇ ಏರ್ಲತ್ತಾವ, ಇಳಿಲತ್ತಾವ!"

ಮಾರುತಿ ದನಿ ತಗ್ಗಿಸಿದ. "ತಾವೇ ಇಲ್ರಿ ಸರ್. ನಿಮ್ಮ ದೊಡ್ಡ ಮಾವ್ರು ಮುಂಜಾನಿಂದ ನನ್ನ ಬಾಜೂಕ ಕುರ್ಚಿ ಹಾಕ್ಕೊಂಡು ಕುಂತಾರ್ರಿ. ಹೆಸರು ಕೆಳಗ ಹೋತಂದ್ರ ಮತ್ತ ಮ್ಯಾಲ ಹಾಕಸ್ಲತ್ತಾರ."

ಭಾಲ್ಕಿಗೆ ಹಚ್ಚಿದೆ. "ಇಲ್ಲಿ ಕಾಕಾ ಕುಂತಾರ್ರಿ ಸರ್" ಎಂದಳು ಸಂಗೀತಾ. "ನಿಮ್ಮ ಸರ್ವರ್ ಭಾಳ ಛಲೋ ಅದ ಅಂತ ಹೇಳ್ಲತ್ತಾರ."

ಮೊದಲು ಪ್ರೂಫು ಬಸ್ಸಿನಲ್ಲಿ ಹೋಗಿಬರುತ್ತಿತ್ತು. ಅದು ಬರುವಷ್ಟರಲ್ಲಿ ಸಿಟ್ಟು ತಣ್ಣಗಾಗಿರುತ್ತಿತ್ತು. ಈಗ ಎರಡೂ ಕಡೆಯ ಬೀಗರು ತಂತಮ್ಮ ಊರು ದಾಟದೆ ಜಗಳವಾಡುವ ಸೌಕರ್ಯವನ್ನು ನಾನೇ ಒದಗಿಸಿದ್ದೆ. ಸರ್ವರಿನಲ್ಲಿ ಒಂದು ದೋಷವೂ ಇರಲಿಲ್ಲ.

ಕೂಡಲೇ ದಿಟ್ಟ ಕ್ರಮ ಕೈಗೊಂಡೆ. ಎಲ್ಲರ ತಿದ್ದುವ ಹಕ್ಕನ್ನು ಒಂದೇ ಏಟಿಗೆ ಕಿತ್ತುಕೊಂಡೆ. ಎಲ್ಲರಲ್ಲಿ ನಾನೂ ಒಬ್ಬ ಎಂಬುದು ಆಮೇಲೆ ತಿಳಿಯಿತು. ಆ ಗಳಿಗೆಯಲ್ಲಿ ಕಾಕಾ ಮೇಲಿದ್ದರು, ಅಲ್ಲಿಯೇ ಉಳಿದರು.

ಫೋನ್ ಬಂತು. ದೊಡ್ಡ ಮಾವ. "ಅಳಿಯಾರ, ನನ್ನ ಕೆಳಗ ಇಟ್ಟು ಬಾಗಲಾ ಹಾಕೀರಿ ಅಂತ. ಛಲೋ ಆಯ್ತು. ಲಗ್ನಕ್ಕ ನಾ ಬರಾಂಗಿಲ್ಲ."

ನಿಜವಾಗಿ ಹೆದರಿದೆ. ಇನ್ನು ಆ ಬಾಗಿಲು ತೆರೆಯಬಲ್ಲವರು ಅಡ್ಮಿನಿಸ್ಟ್ರೇಟರ್ ಒಬ್ಬರೇ. ಆಕೆ ಊರಿನದೇ ಮೈಲೂರು ಬಡಾವಣೆಯ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಫೋನ್ ಮಾಡಿ ಕರೆದೆ.

ಮಹಾನಂದಾ ಕೈಗೆ ಹತ್ತಿದ ಹಿಟ್ಟು ಪೂರ್ತಿ ತೊಳೆಯದೆ ಆಟೋದಲ್ಲಿ ಬಂದಳು. ನನ್ನ ಕಡೆ ನೋಡಲೂ ಇಲ್ಲ. ಮೊದಲು ಔರಾದಿಗೆ, ಆಮೇಲೆ ಭಾಲ್ಕಿಗೆ ಫೋನ್ ಮಾಡಿದಳು. "ದೊಡ್ಡಪ್ಪಾ, ಒಂದೇ ಸಾಲಿನ್ಯಾಗ ಎಡಕ್ಕ ನೀವು, ಬಲಕ್ಕ ಅವರು. ಯಾರೂ ಮ್ಯಾಲಿಲ್ಲ, ಯಾರೂ ಕೆಳಗಿಲ್ಲ. ನೀವು ಬರದಿದ್ರ ತಂಗಿ ಮ್ಯಾಲ ಅಕ್ಷತಾ ಯಾರು ಹಾಕ್ತಾರ?" ಕಾಕಾನಿಗೂ ಎಡ-ಬಲದ ಲೆಕ್ಕ ತಿಳಿಸಿದಳು. ಇಬ್ಬರೂ ಒಪ್ಪಿದರು.

ಪಾಸ್‌ವರ್ಡ್ ಹಾಕಿ ಬಾಗಿಲು ತೆರೆದು, ಎಲ್ಲ ಹೆಸರನ್ನೂ ಹೊಸದಾಗಿ ಟೈಪ್ ಮಾಡಿ ಎಡ-ಬಲ ಎರಡು ಪಟ್ಟಿ ಹೊಂದಿಸಿದಾಗ ಒಬ್ಬರ ಹೆಸರಿಗೆ ಜಾಗ ಸಾಲಲಿಲ್ಲ. ಅವಳು ತಡಮಾಡದೆ ನನ್ನ ಹೆಸರು ಅಳಿಸಿದಳು.

"ಏ, ನಾನು ಈ ಮನಿ ಅಳಿಯ ಅಲ್ಲೇನು?"

"ತಳದಾಗ ಮುದ್ರಕರು ಅಂತ ನಿಮ್ಮ ಹೆಸರು ಅದ ಅಲ್ರಿ. ಎರಡೆರಡು ಸಲ ಯಾಕ ಬೇಕು?"

ಸಂಜೆಗೆ ಪತ್ರಿಕೆ ಅಚ್ಚಾಯಿತು, ಮುಂಜಾನೆ ದೇವರ ಮುಂದೆ ಇಟ್ಟೆವು. ಲಗ್ನದ ದಿನ ದೊಡ್ಡ ಮಾವ, ಕಾಕಾ ಒಂದೇ ಸೋಫಾದಲ್ಲಿ ಕುಳಿತು ಪತ್ರಿಕೆಯನ್ನು ಹೊಗಳುತ್ತಿದ್ದರು. ನಾನು ಹತ್ತಿರದಲ್ಲೇ ಸುಳಿದಾಡಿದೆ. ಕಾಕಾ ಪತ್ರಿಕೆಯ ತಳಕ್ಕೆ ಬೆರಳಿಟ್ಟು ಕೇಳಿದರು:

"ಎಲ್ಲಾ ಛಂದ ಅದ್ರಿ. ಈ ಕೆಳಗ ಸಾಲಾಗಿ ಖಾಲಿ ಡಬ್ಬಿ ಹಾಕ್ಯಾರಲ್ಲ, ಇದೇನ್ರಿ?"

ಔರಾದಿನ ಹಳೆಯ ಫೈಲಿನಿಂದ ಬಂದ ಮುದ್ರಕರ ಸಾಲು; ಇಡೀ ದಿನ ಮೂರೂ ಊರಿನಲ್ಲಿ ಯಾರೂ ಮುಟ್ಟದೆ ಬಿಟ್ಟದ್ದು ಅದೊಂದೇ.

"ಅದು ನಾನ್ರಿ" ಎಂದೆ.