ಬೀಗಿದ ಬೀಗರೂ ರೊಟ್ಟಿ ಬುಟ್ಟಿಯೂ

ತಲೆಗೂದಲು ನೆರೆಯುವವರೆಗೂ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರಿಕೆ ಮಾಡಿದವನು ನಾನು. ಬಿಸಿಲಲ್ಲಿ ನಿಂತು 'ಸಾವಧಾನ್! ವಿಶ್ರಾಮ್!' ಎಂದು ಕೂಗಿ ಕೂಗಿ ಬೈಲಹೊಂಗಲದ ಅರ್ಧ ಊರನ್ನು ನೆಟ್ಟಗೆ ನಿಲ್ಲಿಸಿದ ಗಂಟಲು ನನ್ನದು. ಮೊಣಕಾಲು ಕೆತ್ತಿಕೊಂಡು ಅಳುತ್ತ ಬಂದ ಹುಡುಗರಿಗೆ, "ಇಷ್ಟಕ್ಕ ಅಳತಿಯೇನಲೇ? ಗಂಡಸ ಹೌದಿಲ್ಲೋ?" ಎಂದು ಗದರಿಸಿ ಗಾಯದ ಮೇಲೆ ಟಿಂಚರ್ ಸುರುವಿದ ಕೈಯೂ ನನ್ನದೇ. ಇಂಥ ಶೂರನಿಗೆ ಒಂದು ಸಣ್ಣ ಆಪರೇಷನ್ ಯಾವ ಲೆಕ್ಕ?

ಆದರೆ ಆಪರೇಷನ್ ಆಗಬೇಕಾದ ಜಾಗ ಮೊಣಕಾಲಿಗಿಂತ ಸ್ವಲ್ಪ ಮೇಲಿತ್ತು.

ನನಗೆ ಸಕ್ಕರೆ ಕಾಯಿಲೆ. ಅದು ಉಳಿದವರಿಗೆ ಕಣ್ಣು, ಕಾಲು ಎಂದು ಮರ್ಯಾದೆಯ ಜಾಗಗಳಿಗೆ ಬರುತ್ತದೆ. ನನಗೆ ಮಾತ್ರ ನಾಚಿಕೆ ಬಿಟ್ಟು ಅಲ್ಲಿಗೇ ಬಂದು ಕುಂತಿತು. ಮುಂದೊಗಲು ಬಿಗಿಯಾಗಿ, ಬಿರುಕು ಬಿಟ್ಟು, ಮೂತ್ರಕ್ಕೆ ಹೋಗುವುದೆಂದರೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿಯತೊಡಗಿತು. ಊರಲ್ಲಿ ತೋರಿಸಿದರೆ ಸಂಜೆಯೊಳಗೆ ಚಹದ ಅಂಗಡಿಗೆ ಸುದ್ದಿ ಮುಟ್ಟುತ್ತದೆಂದು ಗುಟ್ಟಾಗಿ ಸವದತ್ತಿಗೆ ಹೋದೆ. ಅಲ್ಲಿಯ ಡಾಕ್ಟರು ನೋಡಿ ಹೇಳಿದರು:

"ಮಾಸ್ತರ, ಮುಂದಿನ ಚರ್ಮ ತಗದ ಬಿಡೂಣು. ಎಷ್ಟೋ ಮನ್ಯಾಗ ಇದನ್ನ ಹುಡುಗೂರು ಸಣ್ಣವರಿದ್ದಾಗನ ಮಾಡಿಸಿ, ನೆಂಟರಿಗೆ ಊಟಾ ಹಾಕ್ತಾರ. ನೀವು ಜರಾ ತಡಾ ಮಾಡಿ ಬಂದೀರಿ, ಅಷ್ಟ."

ಊಟ ಹಾಕುವುದು ದೂರ ಉಳಿಯಿತು, ಯಾರಿಗೂ ಬಾಯಿ ಬಿಡುವಂತಿರಲಿಲ್ಲ! ಮಗಳು ಸುನಂದಾಳ ಲಗ್ನ ರಾಮದುರ್ಗದ ಹುಡುಗನೊಂದಿಗೆ ಗೊತ್ತಾಗಿತ್ತು. ಅವನ ಫೋನು ಬಂದರೆ ಸಾಕು, ಹುಡುಗಿ ಮಾಳಿಗೆ ಏರುತ್ತಿದ್ದಳು. ತಾರೀಖು ಹಿಡಿಯುವುದೊಂದೇ ಬಾಕಿಯಿತ್ತು. ಬೀಗರು ಬಸವಂತಪ್ಪನವರು ಕಬ್ಬಿನ ಹೊಲಗಳ ಧಣಿಗಳು, ಮೀಸೆಯ ಮನುಷ್ಯ. 'ಹುಡುಗಿಯ ಅಪ್ಪ ಅಲ್ಲಿ ಕೊಯ್ಯಿಸಿಕೊಂಡು ಮಲಗಿದ್ದಾನೆ' ಎಂದು ಅವರ ಕಿವಿಗೆ ಬಿದ್ದರೆ? ಸಂಬಂಧವೇ ಮುರಿದು ಬಿದ್ದರೆ? ಆದ್ದರಿಂದ ಸೊಂಟ ಉಳುಕಿದೆ ಎಂದು ಪ್ರಕಟಣೆ ಹೊರಡಿಸಿದೆ. ನಿಜ ಗೊತ್ತಿದ್ದದ್ದು ನನಗೆ ಮತ್ತು ನನ್ನ ಹೆಂಡತಿ ಶಾಂತವ್ವನಿಗೆ ಮಾತ್ರ.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಡಾಕ್ಟರು ಬಿಡಿಸಿ ಬಿಡಿಸಿ ಹೇಳಿದರು: "ಹೊಲಿಗಿ ತಾವ ಕರಗತಾವ. ಉಗುರುಬೆಚ್ಚಗಿನ ನೀರಾಗ ತೊಳಕೋರಿ, ಒಣಗಸ್ರಿ, ಮುಲಾಮು ಹಚ್ಚ್ರಿ. ಜರಾ ಬಾವು ಬರತೈತಿ, ಅಂಜಬ್ಯಾಡ್ರಿ. ಆದ್ರ ಮುಲಾಮು ಬಿಟ್ಟು ಮತ್ತೇನೂ ಹಚ್ಚಬ್ಯಾಡ್ರಿ."

"ಕಾರು ಮಾಡ್ಕೊಂಡು ಹೋಗೂಣ್ರಿ," ಎಂದಳು ಶಾಂತವ್ವ.

"ಎದಕ? ಬಸ್ಸ ಐತಲ್ಲ!" ಎಂದೆ. ಅರಿವಳಿಕೆ ಇನ್ನೂ ಇಳಿದಿರಲಿಲ್ಲ, ಅದಕ್ಕೇ ಆ ಶೌರ್ಯ. ದೇವಿಯ ಗುಡ್ಡಕ್ಕೆ ಹೋಗಿ ಬಂದ ಭಕ್ತರಿಂದ ಬಸ್ಸು ಕಿಕ್ಕಿರಿದಿತ್ತು. ಕೈಚೀಲವನ್ನು ಮುಂದೆ ಹಿಡಿದು, ಅದರ ಹಿಂದೆ ನನ್ನ ಮಾನ ಕಾಪಾಡಿಕೊಂಡು ನಿಂತೆ. ಅರ್ಧ ದಾರಿಯಲ್ಲಿ ಅರಿವಳಿಕೆ ಇಳಿಯಿತು, ಡ್ರೈವರನಿಗೆ ರಸ್ತೆಯ ಉಬ್ಬುಗಳ ಮೇಲೆ ಪ್ರೀತಿ ಏರಿತು. ಒಂದೊಂದು ಉಬ್ಬಿಗೂ ನಾನು 'ಯವ್ವಾ!' ಎಂದರೆ ಸುತ್ತಲಿನವರು ಭಕ್ತಿಯಿಂದ 'ಉಧೋ!' ಎನ್ನುತ್ತಿದ್ದರು. ಅಷ್ಟು ದೊಡ್ಡ ಭಕ್ತ ಆ ಬಸ್ಸಿನಲ್ಲಿ ಮತ್ತೊಬ್ಬನಿರಲಿಲ್ಲ.

ಮನೆಯಲ್ಲಿ ಹೊಸ ಸಮಸ್ಯೆ. ಲುಂಗಿ ತಾಗಿದರೂ ಜೀವ ಹೋಗುತ್ತಿತ್ತು, ಚಾದರು ತಾಗಿದರೂ ಜೀವ ಹೋಗುತ್ತಿತ್ತು. ಶಾಂತವ್ವ ಸೊಂಟದ ಮೇಲೆ ಕೈಯಿಟ್ಟು ವಿಚಾರ ಮಾಡಿ ಅಡುಗೆಮನೆಗೆ ಹೋದಳು, ಬಿದಿರಿನ ರೊಟ್ಟಿ ಬುಟ್ಟಿಯನ್ನು ತಂದು ನನ್ನ ಮೇಲೆ ಬೋರಲು ಹಾಕಿ ಅದರ ಮೇಲೆ ಚಾದರು ಹೊದಿಸಿದಳು. ಸ್ವರ್ಗ! ಒಳಗೆ ಗಾಳಿ, ಹೊರಗೆ ಮರ್ಯಾದೆ. ಬಿಸಿ ರೊಟ್ಟಿಗೆ ಸಿಗುತ್ತಿದ್ದ ಸುಖ ಎಂಥದ್ದೆಂದು ಅವತ್ತು ಗೊತ್ತಾಯಿತು.

ಇನ್ನೊಂದು ಸಮಸ್ಯೆ ಮಾತಿನದು. ಮಗಳು ಮನೆಯಲ್ಲಿದ್ದಾಳೆ. ಗೋಡೆಗೆ ಗೋಡೆ ಹಚ್ಚಿ ಈರಣ್ಣನ ಮನೆಯಿದೆ. ಈ ಸಂಬಂಧ ಕುದುರಿಸಿದವನೇ ಅವನು. ಅವನ ಕಿವಿಯಂತೂ ನಮ್ಮ ಕಿಟಕಿಯಲ್ಲೇ ಸಂಸಾರ ಮಾಡುತ್ತದೆ. ಗಾಯವನ್ನು ಹೆಸರು ಹಿಡಿದು ಕೇಳುವುದು ಹೇಗೆ? ಅದಕ್ಕೂ ಶಾಂತವ್ವನೇ ದಾರಿ ಹುಡುಕಿದಳು.

"ಬೀಗರು ಅನ್ನೂಣ್ರಿ. ಸಣ್ಣ ಮಾತಿಗೂ ಬೀಗತಾರ, ನಾಜೂಕಲೆ ಸಂಭಾಳಸಬೇಕು, ಮುಟ್ಟಿದ್ರ ಸಿಟ್ಟ, ಬಿಟ್ರ ಸಿಟ್ಟ."

ಹೆಸರು ಎಷ್ಟು ಚೆನ್ನಾಗಿ ಒಪ್ಪಿತೆಂದರೆ, ನನಗೂ ಅವರ ಬಗ್ಗೆ ಬಹುವಚನದಲ್ಲೇ ಮಾತನಾಡುವ ರೂಢಿ ಬಿದ್ದಿತು. ಆ ಬೀಗರ ಕೆಟ್ಟ ಚಟ ಒಂದೇ. ಬೆಳಗಿನ ಜಾವ ನನ್ನ ಅಪ್ಪಣೆಯಿಲ್ಲದೆ ತಾವಾಗಿಯೇ 'ಸಾವಧಾನ್' ಆಗಿಬಿಡುತ್ತಿದ್ದರು. ಹೊಲಿಗೆಗಳೆಲ್ಲ ಎಳೆದು ಕಣ್ಣಲ್ಲಿ ನೀರು! 'ವಿಶ್ರಾಮ್, ವಿಶ್ರಾಮ್' ಎಂದು ನಾನು ಹಾಸಿಗೆಯಲ್ಲಿ ಗೋಗರೆಯುತ್ತಿದ್ದೆ. ಇಡೀ ಶಾಲೆ ನನ್ನ ಮಾತು ಕೇಳುತ್ತಿತ್ತು, ಇವರು ಕೇಳಲಿಲ್ಲ.

ಡಾಕ್ಟರು ಹೇಳಿದಂತೆ ಬಾವು ಬಂತು. ಡಾಕ್ಟರು ಹೇಳಿದಂತೆ ಅಂಜದೆ ಇರುವುದು ಮಾತ್ರ ನನ್ನಿಂದ ಆಗಲಿಲ್ಲ. 'ಮತ್ತೇನೂ ಹಚ್ಚಬ್ಯಾಡ್ರಿ' ಎಂದರೆ ಅದರಲ್ಲಿ ಅರಿಶಿಣವೂ ಬರುತ್ತದೆಂದು ಯಾರಿಗೆ ಹೊಳೆಯಬೇಕು? ಬೆರಳು ಕೊಯ್ದರೂ ಅರಿಶಿಣ, ಗಂಟಲು ಕೆಟ್ಟರೂ ಅರಿಶಿಣ. ಹೆಂಡತಿ ಸಂತೆಗೆ ಹೋದ ಹೊತ್ತು ನೋಡಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಧಾರಾಳವಾಗಿ ಬಳಿದುಕೊಂಡು, ಮೇಲೊಂದು ಅರಿವೆ ಸುತ್ತಿದೆ. ಸಂಜೆಯ ಹೊತ್ತಿಗೆ ಅದು ಒಣಗಿ ಗೋಡೆಗೆ ಬಡಿದ ಸಗಣಿ ಕುಳ್ಳಿನಂತೆ ಗಟ್ಟಿಯಾಗಿ ಕೂತಿತು. ಅರಿವೆ ಯಾವುದು, ನಾನು ಯಾವುದು ತಿಳಿಯದಾಯಿತು.

ಶಾಂತವ್ವ ಬಂದವಳೇ ಕೇಳಿದಳು: "ಬೀಗರು ಹ್ಯಾಂಗದಾರ್ರಿ?"

"ಬೀಗ್ಯಾರ! ಮಾರಿ ಕೆಂಪಗ ಮಾಡ್ಕೊಂಡಾರ. ಅರಿಶಿಣಾ ಹಚ್ಚಿದ ಮ್ಯಾಲಂತೂ ಹಂತೇಕ ಬರಗೊಡವಲ್ರು."

"ಅಯ್ಯ ನನ್ನ ಶಿವನ! ಬೀಗರಿಗೆ ಅರಿಶಿಣಾ ಹಚ್ಚಂತ ನಿಮಗ್ಯಾರ ಹೇಳಿದ್ರು? ಬಿಸಿನೀರ ಹಾಕಿ ಬಿಡಸ್ರಿ!"

"ಬಿಡಸಾಕ ಹೋದ್ರ ಜೀಂವಾ ಹೋಗತೈತಿ! ಈ ಬೀಗರ ಸಹವಾಸನ ಬ್ಯಾಡಾಗೈತಿ ನನಗ!"

ಕಿಟಕಿಯ ಆಚೆ ಈರಣ್ಣ ಕಾಲುಜ್ಜುತ್ತಿದ್ದನೋ, ಕಿವಿಯುಜ್ಜುತ್ತಿದ್ದನೋ ದೇವರಿಗೇ ಗೊತ್ತು. ಅವನು ತಿಳಿದುಕೊಂಡದ್ದು ಇಷ್ಟು: ರಾಮದುರ್ಗದ ಬೀಗರು ಸಿಟ್ಟಾಗಿದ್ದಾರೆ, ಅರಿಶಿಣ ಹಚ್ಚುವ ಶಾಸ್ತ್ರದ ಮಾತು ಎತ್ತಿದ್ದಕ್ಕೆ ಹತ್ತಿರ ಸೇರಿಸುತ್ತಿಲ್ಲ, ಬೇಸತ್ತ ಮಾಸ್ತರರು ಸಂಬಂಧ ಬೇಡವೆಂದು ಬಿಟ್ಟಿದ್ದಾರೆ, ಬಿಸಿನೀರು ಹಾಕುವ ಮಟ್ಟಕ್ಕೂ ಹೋಗಿದ್ದಾರೆ! ತಾನು ಕುದುರಿಸಿದ ಸಂಬಂಧ ಉಳಿಸಬೇಕೆಂಬ ಒಳ್ಳೆಯ ಮನಸ್ಸಿನಿಂದ ನೇರವಾಗಿ ರಾಮದುರ್ಗಕ್ಕೆ ಫೋನು ಹಚ್ಚಿದ. ಮಂದಿಯ ಒಳ್ಳೆಯ ಮನಸ್ಸಿನಿಂದ ನನಗಾದಷ್ಟು ಹಾನಿ ಕೆಟ್ಟ ಮನಸ್ಸಿನಿಂದ ಆಗಿಲ್ಲ.

ಮರುದಿನ ನಾನು ಬುಟ್ಟಿಯ ಆಶ್ರಯದಲ್ಲಿ ತೂಕಡಿಸುತ್ತಿದ್ದೆ. ಬಾಗಿಲಲ್ಲಿ ಈರಣ್ಣನ ದನಿ ಕೇಳಿಸಿತು: "ಮಾಸ್ತರ, ಬೀಗರು ಬಂದಾರ್ರಿ!"

"ಬಂದಾರ ಅಲ್ಲೋ, ಬೀಗ್ಯಾರ," ಎಂದೆ ನಿದ್ದೆಗಣ್ಣಲ್ಲಿ.

ಕಣ್ಣು ತೆರೆದರೆ ಎದುರಿಗೆ ಮೀಸೆ. ಮೀಸೆಯ ಹಿಂದೆ ಬಸವಂತಪ್ಪನವರು!

"ನಾ ಯಾವಾಗ ಬೀಗೇನ್ರಿ ನಿಮ್ಮ ಮ್ಯಾಲ?" ಎಂದು ಅವರು ನಿಂತಲ್ಲೇ ಶುರು ಮಾಡಿದರು. "ನನಗ ಅರಿಶಿಣಾ ಯಾರ ಹಚ್ಚ್ಯಾರ? ಬಿಸಿನೀರ ಹಾಕಿ ಬಿಡಸತೀರಂತ! ನಾ ಏನ್ ನಿಮಗ ಅಂಟ್ಕೊಂಡೇನೇನು? ಬ್ಯಾಡಾದ್ರ ಬ್ಯಾಡಂತ ಮಾರೀ ಮ್ಯಾಲ ಹೇಳ್ರಿ. ಹೋಗತೇನಿ."

"ಹಂಗಲ್ರಿ ಬೀಗರ, ಅದು..."

"ಸುಳ್ಳ ಹೇಳಬ್ಯಾಡ್ರಿ ಮಾಸ್ತರ!" ಎಂದ ಈರಣ್ಣ. "'ಬೀಗರ ಸಹವಾಸನ ಬ್ಯಾಡ' ಅಂದದ್ದು ನನ್ನ ಕಿವೀಲೆ ಕೇಳೇನಿ."

ಬಾಗಿಲ ಹಿಂದೆ ನಿಂತಿದ್ದ ಸುನಂದಾ ಬಿಕ್ಕಿದಳು. "ಅಪ್ಪಾ, ನೀವು ಹಂಗ ಅಂದ್ರ್ಯಾ?" ಎಂದು ಕೇಳಿದಳು. ಏಳಬೇಕೆಂದು ಹೊರಳಿದೆ. ಚಾದರಿನ ಒಳಗಿಂದ ಬುಟ್ಟಿ ಕರ್ರ್ ಎಂದಿತು.

ಬಸವಂತಪ್ಪನವರ ದೃಷ್ಟಿ ಅತ್ತ ಹೋಯಿತು. ಸಿಟ್ಟು ಇಳಿದು ಗಾಬರಿ ಬಂತು. "ಇದೇನ್ರಿ, ಹೊಟ್ಟಿ ಹಿಂಗ ಉಬ್ಬೈತಿ?" ಎನ್ನುತ್ತ ಕೈ ಚಾಚಿದರು.

"ಬುಟ್ಟಿ ಮುಟ್ಟಬ್ಯಾಡ್ರಿ! ಒಳಗ ಬೀಗರದಾರ!" ಎಂದು ಶಾಂತವ್ವ ಅಡುಗೆಮನೆಯಿಂದ ಕೂಗುತ್ತ ಓಡಿಬಂದಳು. ಬಂದು, ನಿಜವಾದ ಬೀಗರನ್ನು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಇನ್ನು ಮಾನ ನೋಡಿದರೆ ಮಗಳ ಲಗ್ನ ಹೋಗುತ್ತಿತ್ತು. ಹೋದರೆ ಹೋಗಲಿ ಮಾನ, ಹೇಗೂ ಅದರಲ್ಲಿ ಸ್ವಲ್ಪ ಭಾಗ ಸವದತ್ತಿಯಲ್ಲೇ ಉಳಿದಿತ್ತು. ಬೀಗರನ್ನು ಹತ್ತಿರ ಕರೆದು, ಕಿವಿಯಲ್ಲಿ ಎಲ್ಲವನ್ನೂ ಹೇಳಿದೆ. ಸಕ್ಕರೆ, ಚರ್ಮ, ಹೊಲಿಗೆ, ಅರಿಶಿಣ, ಅವರ ಹೆಸರನ್ನು ಯಾರಿಗೆ ಇಟ್ಟಿದ್ದೆವೆಂಬುದನ್ನೂ.

ಬಸವಂತಪ್ಪನವರು ನೆಟ್ಟಗಾದರು. ಮೀಸೆ ಅದುರಿತು. "ಎಲ್ಲಾರೂ ಹೊರಗ ಹೋಗ್ರಿ," ಎಂದರು ಗಂಭೀರವಾಗಿ. ಎಲ್ಲರೂ ಹೋದರು. ಬಾಗಿಲ ಚಿಲಕ ಹಾಕಿದರು. ಮುಗಿಯಿತು ನನ್ನ ಕತೆ ಎಂದುಕೊಂಡೆ.

ಅವರು ಬಂದು ಮಂಚದ ಅಂಚಿಗೆ ಕುಂತು, ದನಿ ತಗ್ಗಿಸಿ ಕೇಳಿದರು:

"ಭಾಳ ನೋಯತೈತೇನ್ರಿ?"

"ಏನಂದ್ರಿ?"

"ನನಗೂ ಸಕ್ರಿ ಐತ್ರಿ. ಡಾಕ್ಟರು ಇದನ್ನ ಹೇಳಿ ಭಾಳ ದಿವಸಾತು. ಧೈರ್ಯ ಆಗವಲ್ದು, ಮನ್ಯಾಗ ಹೇಳಾಕ ನಾಚಿಕಿ. ಆ ಸವದತ್ತಿ ಡಾಕ್ಟರ ಕೈ ಹಗರ ಐತೇನ್ರಿ?"

ನನ್ನೊಳಗಿನ ಮಾಸ್ತರ ಎದ್ದು ಕುಂತ. ಒಂದು ತಾಸು ಪಾಠ ಮಾಡಿದೆ: ಬಸ್ಸು ಹತ್ತಬ್ಯಾಡ್ರಿ, ಬಾವು ಬಂದ್ರ ಅಂಜಬ್ಯಾಡ್ರಿ, ಅರಿಶಿಣದ ಡಬ್ಬಿಯ ಕಡೆ ಕಣ್ಣೆತ್ತಿ ಸಹ ನೋಡಬ್ಯಾಡ್ರಿ! ಹೊರಡುವಾಗ ಅವರು ಬುಟ್ಟಿಯನ್ನೇ ನೋಡುತ್ತ ನಿಂತರು. "ನಿಮ್ಮದು ಮುಗಿದ ಮ್ಯಾಲ ಅದನ್ನ..." ಎಂದು ತಡವರಿಸಿದರು. ಬೀಗರು ಬಾಯಿ ಬಿಟ್ಟು ಕೇಳಿದ್ದನ್ನು ಇಲ್ಲ ಎನ್ನಲಾದೀತೇ? ಬಾಗಿಲು ತೆರೆದಾಗ ಲಗ್ನ ಗಟ್ಟಿಯಾಗಿತ್ತು. ಈರಣ್ಣ ತಾನೇ ರಾಜಿ ಮಾಡಿಸಿದೆನೆಂದು ಊರೆಲ್ಲ ಹೇಳಿಕೊಂಡು ಬಂದ.

ಮರುದಿನವೇ ಡಾಕ್ಟರ ಹತ್ತಿರ ಹೋಗಿ ಬೈಸಿಕೊಂಡೆ. ಅವರು ನೆನೆಸಿ ನೆನೆಸಿ ಅರಿಶಿಣ ಬಿಡಿಸಿದರು. ಮುಲಾಮಿಗೆ ಶರಣಾದ ಮೇಲೆ ಗಾಯ ಮಾಯಿತು. ಬುಟ್ಟಿ ಪೇಪರಿನಲ್ಲಿ ಸುತ್ತಿಕೊಂಡು ಮಗಳಿಗಿಂತ ಮೊದಲೇ ರಾಮದುರ್ಗಕ್ಕೆ ಹೋಯಿತು. ಬಸವಂತಪ್ಪನವರು ಕಬ್ಬು ಕಡಿಸುವ ನೆಪ ಹೇಳಿ ಹೊಲದ ಮನೆಯಲ್ಲಿ ಮಲಗಿ, ಗುಣವಾಗಿ ಮೀಸೆ ತಿರುವುತ್ತ ಮನೆಗೆ ಬಂದರು. ಸುನಂದಾಳ ಲಗ್ನವೂ ಸಂಭ್ರಮದಿಂದ ಆಯಿತು.

ಲಗ್ನದ ನಂತರ ಮೊದಲ ಸಲ ರಾಮದುರ್ಗಕ್ಕೆ ಊಟಕ್ಕೆ ಹೋದೆವು. ಬೀಗರೂ ನಾನೂ ಅಕ್ಕಪಕ್ಕ ಕುಂತಿದ್ದೆವು. ಎಣ್ಣೆಗಾಯಿ, ಶೇಂಗಾ ಚಟ್ನಿ, ಬಿಸಿ ಬಿಸಿ ಜೋಳದ ರೊಟ್ಟಿ. ಎರಡು ರೊಟ್ಟಿ ಮುಗಿಸಿದವನೇ ಬೀಗತಿಯನ್ನು ಹೊಗಳಿದೆ:

"ಎಷ್ಟ ಮೆತ್ತಗದಾವ್ರಿ ರೊಟ್ಟಿ! ಇನ್ನೊಂದ ಹಾಕ್ರಿ."

ಬೀಗತಿ ಹಿಗ್ಗಿ ಹೀರೇಕಾಯಿಯಾದರು. "ಅದು ನಿಮ್ಮ ಬುಟ್ಟಿ ಗುಣಾರಿ ಅಣ್ಣಾರ! ಲಗ್ನಕ್ಕಿಂತ ಮೊದ್ಲ ಕಳಿಸಿದ್ರೆಲ್ಲ. ಇವರು ಅದನ್ನ ಹೊಲದ ಮನ್ಯಾಗ ಸುಮ್ಮನ ಬಿಟ್ಟ ಬಂದಿದ್ರು. ನಾನ ಹೋಗಿ ತಂದೇನಿ ನೋಡ್ರಿ. ಭಾರಿ ಬುಟ್ಟಿ ಬಿಡ್ರಿ, ಒಳಗ ಇಟ್ಟದ್ದು ಬಾಡೂದನ ಇಲ್ಲ!"

ನಾನು ಬೀಗರ ಮುಖ ನೋಡಿದೆ. ಬೀಗರು ತಮ್ಮ ತಾಟು ನೋಡಿದರು. ಶಾಂತವ್ವ ಸೆರಗಿನಲ್ಲಿ ಮುಖ ಮುಚ್ಚಿ ಕೆಮ್ಮತೊಡಗಿದಳು.

ಮೂರನೆಯ ರೊಟ್ಟಿಗೆ ಚಾಚಿದ ನನ್ನ ಕೈ ಅಲ್ಲಿಯೇ ಸಾವಧಾನ್ ಆಯಿತು!