ಅರ್ಧ ಇಂಚು ನುಂಗಿದ ಎಡಿಟರ್ ಮಹಾಶಯರಿಗೆ

ಯಾವ ಕಂಪ್ಯೂಟರಿನಲ್ಲಿ ಕೂರಿಸಿದರೂ ಒಂದೇ ರೀತಿ ಕೆಲಸ ಮಾಡುತ್ತೇನೆಂದು ತಮ್ಮ ಪರಿಚಯಪುಟದಲ್ಲಿ ಮೂರು ಕಡೆ ದಪ್ಪಕ್ಷರದಲ್ಲಿ ಬರೆದುಕೊಂಡಿರುವ, ಅಕ್ಷರಗಳನ್ನು ಹನ್ನೆರಡು ಬಣ್ಣಗಳಲ್ಲಿ ತೋರಿಸಬಲ್ಲ, ಆದರೆ ಕಡತವೊಂದನ್ನು ತೋರಿಸಬೇಕಾದಾಗ ಮಾತ್ರ ಸಂಕೋಚಪಡುವ ಎಡಿಟರ್ ಎಂಬ ತಂತ್ರಾಂಶದ ಮಹಾಶಯರಿಗೆ, ಪ್ರೌಢಶಾಲೆಯೊಂದರಲ್ಲಿ ಭೂಗೋಳ ಕಲಿಸುವ ಶಿಕ್ಷಕಿಯೊಬ್ಬಳ ಸಾದರ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯೂ ಇಲ್ಲ, ಏಕೆಂದರೆ ತಮಗೆ ಏನೇ ಆದರೂ ತಾವು ಪರದೆಯ ತಳದಲ್ಲಿ ಕೆಂಪು ಅಕ್ಷರದ ಒಂದು ಸಾಲು ಬರೆದು ಸುಮ್ಮನಾಗುವವರು. ಯಾಕೆ, ಏನು, ಎಲ್ಲಿ ಎಂದು ಕೇಳಿದರೆ ಅದೇ ಸಾಲನ್ನು ಮತ್ತೊಮ್ಮೆ ಬರೆಯುವವರು. ಇಪ್ಪತ್ತೆರಡು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ನನಗೆ ಈ ವಿದ್ಯೆ ಹೊಸದಲ್ಲ. ಆದರೆ ಇಷ್ಟೊಂದು ಆತ್ಮವಿಶ್ವಾಸದಿಂದ ಅದನ್ನು ಪ್ರಯೋಗಿಸುವವರನ್ನು ನೋಡಿದ್ದು ಇದೇ ಮೊದಲು.

ನನ್ನ ದೂರಿನ ಮೂಲ ನನ್ನ ಅಮ್ಮ. ಆಕೆ ಮೂವತ್ತೆಂಟು ವರ್ಷ ಹೊಲಿಗೆ ತರಗತಿ ನಡೆಸಿದವರು. ತರಗತಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆ, ಆರು ಹೊಲಿಗೆ ಯಂತ್ರ, ಒಂದು ಉದ್ದನೆಯ ಮೇಜು, ಗೋಡೆಗೆ ನೇತುಹಾಕಿದ ಕಾಗದದ ಅಂಗಿಗಳು. ಯಾವ ಎದೆಯಳತೆಗೆ ಎಷ್ಟು ಭುಜ, ಎಷ್ಟು ತೋಳು, ಕಂಕುಳಿನ ತಿರುವು ಎಲ್ಲಿಂದ ಎಲ್ಲಿಗೆ ಎಂಬುದನ್ನೆಲ್ಲ ಅವರು ಎಂಟು ನೋಟುಬುಕ್ಕುಗಳಲ್ಲಿ ಬರೆದಿಟ್ಟಿದ್ದರು. ಅದು ಪುಸ್ತಕವಾಗಬೇಕು ಎಂದು ಅವರ ಹಳೆಯ ವಿದ್ಯಾರ್ಥಿನಿಯರು ಹಟ ಹಿಡಿದರು. ಅಕ್ಷರ ಜೋಡಿಸುವ ಕೆಲಸಕ್ಕೆ ನಾನು, ಚಿತ್ರ ಬರೆಯುವುದಕ್ಕೆ ಬಸ್ ಡಿಪೋದಲ್ಲಿ ವೇಳಾಪಟ್ಟಿ ತಯಾರಿಸುವ ನನ್ನ ಅಣ್ಣ ಎಂದು ತೀರ್ಮಾನವಾಯಿತು. ತಮ್ಮನ್ನು ನಮ್ಮ ಮನೆಗೆ ಕರೆತಂದವನು ಈ ಅಣ್ಣನೇ. ನಿನ್ನ ಕಂಪ್ಯೂಟರೇ ಬೇರೆ, ನನ್ನದೇ ಬೇರೆ, ಆದರೆ ಈ ಎಡಿಟರ್ ಎರಡರಲ್ಲೂ ಒಂದೇ ತರ ಇರುತ್ತೆ, ಏನೂ ತಲೆಬಿಸಿ ಇಲ್ಲ ಎಂದು ಅವನು ಹೇಳಿದ್ದನ್ನು ನಾನು ದಿನಾಂಕದ ಸಮೇತ ಬರೆದಿಟ್ಟುಕೊಂಡಿದ್ದೇನೆ.

ಇಲ್ಲಿ ತಮ್ಮ ಗಮನಕ್ಕೆ ತರಬೇಕಾದ ಒಂದು ಸಂಗತಿಯುಂಟು. ಅಮ್ಮನ ಎಡಗಣ್ಣಿಗೆ ಈಗ ಬೆಳಕು ಕತ್ತಲೆಯಷ್ಟೇ ಗೊತ್ತಾಗುತ್ತದೆ. ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಎಂದು ಗುರುವಾರವೊಂದು ನಿಗದಿಯಾಗಿತ್ತು, ಅದಕ್ಕೆ ಹತ್ತೊಂಬತ್ತು ದಿನ ಉಳಿದಿತ್ತು. ಚೆನ್ನಾಗೇ ಆಗುತ್ತೆ ಅಂದ್ಕೊಳ್ಳೋಣಮ್ಮ, ಆದ್ರೆ ಮಾತು ಕೊಡೋಕಾಗಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಆದ್ದರಿಂದ ಅಮ್ಮ ನಮಗೆ ಒಂದೇ ಅಪ್ಪಣೆ ಕೊಟ್ಟರು: ಆ ಗುರುವಾರದೊಳಗೆ ಪುಸ್ತಕದ ಪ್ರತಿ ಪುಟವನ್ನೂ ಅವರೇ ನೋಡಬೇಕು, ಅವರ ಕಣ್ಣಿನಿಂದಲೇ. ನೀವು ಓದಿ ಹೇಳೋದು ಬೇಡ, ನಿಮಗೆ ಕಾಲಿಂಚು ಅಂದ್ರೆ ಲೆಕ್ಕಕ್ಕಿಲ್ಲ, ತಪ್ಪು ಅಚ್ಚಾದ್ರೆ ಯಾರೋ ಎಲ್ಲೋ ಕೂತು ಒಳ್ಳೇ ಬಟ್ಟೆ ಕತ್ತರಿಸಿಬಿಡ್ತಾರೆ ಎಂದರು. ಅವರ ಧ್ವನಿ ಎಂದಿನಂತೆಯೇ ಇತ್ತು. ಹೆದರಿದ್ದು ನಾನು.

ಹೀಗಿರಲಾಗಿ, ಅರವತ್ತನಾಲ್ಕು ಪುಟದಷ್ಟು ಅಕ್ಷರ ಜೋಡಿಸಿ, ಪುಟ ಕಟ್ಟಿಕೊಡಿ ಎಂಬ ಗುಂಡಿಯನ್ನು ಒತ್ತಿದೆ. ಪುಟ ಕಟ್ಟುವವರು ತಾವಲ್ಲ, ಅದಕ್ಕೆ ಬೇರೊಂದು ತಂತ್ರಾಂಶವಿದೆ, ತಾವು ಅವನನ್ನು ಕೂಗಿ ಕರೆಯುವವರು ಮಾತ್ರ ಎಂಬುದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಅವನಿಗೆ ಪುಟಗಾರ ಎಂದೇ ಹೆಸರು. ತಾವು ಕೂಗಿದಿರಿ, ನಂತರ ಕೆಂಪು ಅಕ್ಷರದಲ್ಲಿ ಪುಟಗಾರ ಎಂಬುವವನು ಸಿಗಲಿಲ್ಲ ಎಂದಿರಿ. ನಾನು ಫೋಲ್ಡರ್ ತೆರೆದು ನೋಡಿದೆ. ಮಹಾರಾಯ ಅಲ್ಲೇ ಕಾಲು ಚಾಚಿಕೊಂಡು ಕುಳಿತಿದ್ದಾನೆ. ಮನೆಯ ಯಜಮಾನನನ್ನು ಹೊಸ್ತಿಲಲ್ಲಿ ನಿಲ್ಲಿಸಿಕೊಂಡೇ ಯಜಮಾನರು ಮನೆಯಲ್ಲಿಲ್ಲ ಎನ್ನುವ ತಮ್ಮ ಧೈರ್ಯಕ್ಕೆ ನಾನು ತಲೆಬಾಗಿದೆ.

ಅಣ್ಣನಿಗೆ ಫೋನ್ ಮಾಡಿದೆ. ಯಾರು ಎಲ್ಲಿ ಸಿಗುತ್ತಾರೆ ಎಂಬ ವಿಳಾಸಗಳ ಒಂದು ಚೀಟಿ ಕಂಪ್ಯೂಟರಿನಲ್ಲಿ ಇರುತ್ತದೆ, ಅದಕ್ಕೆ ಪಾತ್ ಎನ್ನುತ್ತಾರೆ, ಎನ್ವಿರಾನ್‌ಮೆಂಟ್ ವೇರಿಯಬಲ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು, ಎಡಿಟರ್ ಅದನ್ನು ನೋಡಿಕೊಂಡೇ ಜನರನ್ನು ಹುಡುಕುವುದು ಎಂದು ಅವನು ತಾಳ್ಮೆಯಿಂದ ವಿವರಿಸಿದ. ನಾನೂ ತಾಳ್ಮೆಯಿಂದ ಆ ಚೀಟಿಯ ಕೊನೆಗೆ ಪುಟಗಾರನ ವಿಳಾಸ ಸೇರಿಸಿದೆ. ಆಗಲೂ ಸಿಗಲಿಲ್ಲ. ಕಂಪ್ಯೂಟರನ್ನು ಆರಿಸಿ ಹೊತ್ತಿಸಿದೆ, ಸಿಗಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಅಣ್ಣ, ಐಕಾನ್ ಒತ್ತಬೇಡ, ಟರ್ಮಿನಲ್ ಅನ್ನೋ ಕಪ್ಪು ಕಿಟಕಿ ಇದೆಯಲ್ಲ, ಅಲ್ಲಿ ಎಡಿಟರಿನ ಹೆಸರು ಟೈಪ್ ಮಾಡಿ ಕರಿ ನೋಡೋಣ ಎಂದ. ಕರೆದೆ. ಅದೇ ತಾವು, ಅದೇ ಬಣ್ಣ, ಅದೇ ಗುಂಡಿ. ಒತ್ತಿದ ಕೂಡಲೇ ಪುಟಗಾರ ಓಡೋಡಿ ಬಂದ.

ಅಂದರೆ ಮುಂಬಾಗಿಲಿನಿಂದ ಕರೆದರೆ ತಮ್ಮ ಜೇಬಿನಲ್ಲಿ ನನ್ನ ಚೀಟಿ ಇರುವುದಿಲ್ಲ, ಹಿತ್ತಿಲ ಬಾಗಿಲಿನಿಂದ ಕರೆದರೆ ಇರುತ್ತದೆ. ಇದನ್ನು ತಾವು ಎಲ್ಲೂ ಬಾಯಿಬಿಟ್ಟು ಹೇಳಿಲ್ಲ. ಇಂಥ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾಲ್ಕು ದಿನ ನನ್ನ ಮುಖವನ್ನೇ ನೋಡುತ್ತ ಕೂರುವುದಕ್ಕೆ ಎಂಥ ಸಂಯಮ ಬೇಕು ಎಂದು ನೆನೆದು ಮೂಗಿನ ಮೇಲೆ ಬೆರಳಿಟ್ಟುಕೊಂಡೆ.

ಇನ್ನು ಚಿತ್ರಗಳ ವಿಚಾರ. ಅಣ್ಣನ ಕಂಪ್ಯೂಟರಿನಲ್ಲಿ ಫೋಲ್ಡರುಗಳ ಹೆಸರಿನ ನಡುವೆ ಹಾಕುವ ಓರೆಗೆರೆ ಎಡಕ್ಕೆ ವಾಲುತ್ತದೆ, ನನ್ನದರಲ್ಲಿ ಬಲಕ್ಕೆ. ಚಿತ್ರ ಎಲ್ಲಿದೆಯೆಂದು ಅವನು ಬರೆದ ದಾರಿಯಲ್ಲಿ ಹೋದರೆ ನನ್ನ ಕಂಪ್ಯೂಟರು ಮೊದಲ ಹೆಜ್ಜೆಗೇ ಮುಗ್ಗರಿಸುತ್ತದೆ. ನಾನು ಬರೆದುಕೊಟ್ಟ ದಾರಿ ನನ್ನ ಹೆಸರಿನ ಫೋಲ್ಡರೆಂಬ ಮನೆಯಿಂದಲೇ ಹೊರಡುವುದರಿಂದ ಅವನಲ್ಲಿ ಅಂಥ ಮನೆಯೇ ಇಲ್ಲ. ಹೀಗೆ ಒಂದು ವಾರ ಅಂಗಿಯ ಕಾಲರಿನ ಚಿತ್ರ ಅವನಿಗೆ ಕಂಡರೆ ನನಗಿಲ್ಲ, ನನಗೆ ಕಂಡರೆ ಅವನಿಗಿಲ್ಲ ಎಂಬಂತೆ ಕಣ್ಣಾಮುಚ್ಚಾಲೆ ಆಡಿತು. ಹುಟ್ಟಿದಾರಭ್ಯ ಜಗಳವಾಡದ ನಾವಿಬ್ಬರು ಒಂದು ಗೆರೆ ಯಾವ ಕಡೆ ವಾಲಬೇಕು ಎಂಬುದಕ್ಕೆ ಎರಡು ದಿನ ಮಾತು ಬಿಟ್ಟೆವು. ಪುಸ್ತಕ ಇರುವ ಜಾಗದಿಂದ ಲೆಕ್ಕಹಾಕಿ, ಪಕ್ಕದ ಕೋಣೆಯಲ್ಲಿ ನೋಡಿ ಎಂದಷ್ಟೇ ಬರೆದರೆ ಇಬ್ಬರಿಗೂ ಸಾಕು ಎಂದು ಕೊನೆಗೆ ಹೊಳೆಯಿತು. ಭೂಗೋಳದ ಶಿಕ್ಷಕಿಗೆ ಇದು ಇಷ್ಟು ತಡವಾಗಿ ಹೊಳೆದದ್ದನ್ನು ತಾವು ನನ್ನ ಮುಖ್ಯೋಪಾಧ್ಯಾಯರಿಗೆ ತಿಳಿಸಬಾರದಾಗಿ ಪ್ರಾರ್ಥನೆ.

ಗುರುವಾರಕ್ಕೆ ಏಳು ದಿನ ಇರುವಾಗ ಪುಟಗಳು ಕೈಗೆ ಬಂದವು. ದಪ್ಪ ಅಕ್ಷರ, ಅಗಲವಾದ ಸಾಲು, ಅಚ್ಚುಕಟ್ಟಾದ ಚಿತ್ರ. ತಮ್ಮ ಮೇಲಿನ ಸಿಟ್ಟೆಲ್ಲ ಇಳಿದು, ಒಂದು ಗಳಿಗೆ ತಮ್ಮ ಗುಣಗಾನವನ್ನೂ ಮಾಡಿದೆ. ಅಮ್ಮ ಕಿಟಕಿಯ ಪಕ್ಕ ಕುಳಿತು, ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಭೂತಗನ್ನಡಿಯನ್ನು ಸಾಲಿನಿಂದ ಸಾಲಿಗೆ ಸರಿಸುತ್ತ ಹೋದರು. ಆರನೆಯ ಪುಟದಲ್ಲಿ ಗಾಜು ನಿಂತಿತು. ಈ ತೋಳು ಯಾರಿಗೂ ಹತ್ತಲ್ಲ ಕಣೇ ಎಂದರು.

ಏಳೂವರೆ ಇರಬೇಕಾದ ಕಡೆ ಏಳು ಇತ್ತು. ಹದಿನಾಲ್ಕೂಮುಕ್ಕಾಲು ಹದಿನಾಲ್ಕಾಗಿತ್ತು. ನಾನು ಜೋಡಿಸಿದ ಕಡತದಲ್ಲಿ ಅರ್ಧ, ಕಾಲು, ಮುಕ್ಕಾಲುಗಳ ಚಿಹ್ನೆ ಎಲ್ಲವೂ ಸರಿಯಾಗಿದ್ದವು. ಅಚ್ಚಾದ ಪುಟದಲ್ಲಿ ಒಂದೂ ಇರಲಿಲ್ಲ. ಕೆಂಪು ಅಕ್ಷರವಿಲ್ಲ, ಎಚ್ಚರಿಕೆಯಿಲ್ಲ, ಕೆಮ್ಮು ಕೂಡ ಇಲ್ಲ. ಇರುವ ಫೈಲನ್ನು ಇಲ್ಲವೆನ್ನುವ ತಾವು, ಇಲ್ಲದ ಅರ್ಧ ಇಂಚನ್ನು ಮಾತ್ರ ಇದೆಯೆಂಬಂತೆ ದಾಟಿಸಿಬಿಟ್ಟಿರಿ. ಆ ಪುಸ್ತಕ ನೋಡಿಕೊಂಡು ಹೊಲಿದಿದ್ದರೆ ಊರಿನ ಅರ್ಧ ಜನ ಉಸಿರು ಬಿಗಿಹಿಡಿದು ಓಡಾಡಬೇಕಾಗುತ್ತಿತ್ತು. ಕೆಟ್ಟ ಹೆಸರು ತಮಗಲ್ಲ, ಮೂವತ್ತೆಂಟು ವರ್ಷ ಒಂದು ತೋಳೂ ತಪ್ಪದಂತೆ ಕಲಿಸಿದ ನನ್ನ ಅಮ್ಮನಿಗೆ ಬರುತ್ತಿತ್ತು.

ಇಲ್ಲಿ ಪ್ರಾಮಾಣಿಕತೆಯ ಸಲುವಾಗಿ ಒಂದು ತಪ್ಪೊಪ್ಪಿಗೆ ಬರೆಯಬೇಕಾಗಿದೆ, ದಯವಿಟ್ಟು ಇದನ್ನು ಓದುವಾಗ ಮುಖ ಬೇರೆ ಕಡೆ ತಿರುಗಿಸಿಕೊಳ್ಳಿ. ನಮ್ಮ ಮನೆಯಲ್ಲಿ ಯಾರೂ ಏನನ್ನೂ ಕತ್ತರಿಸಿ ಎಸೆಯುವವರಲ್ಲ. ಹೆಚ್ಚಾದ ಬಟ್ಟೆಯನ್ನು ಒಳಕ್ಕೆ ಮಡಿಚಿ ಹೊಲಿ, ನಾಳೆ ಬಿಚ್ಚಿಕೊಳ್ಳಬಹುದು ಎನ್ನುವುದು ಅಮ್ಮನ ತರಗತಿಯ ಮೊದಲ ದಿನದ ಪಾಠ. ನಾನು ಎಂಟನೆಯ ತರಗತಿಯಲ್ಲಿ ತೊಟ್ಟ ಫ್ರಾಕನ್ನೇ ಮಡಿಕೆ ಬಿಚ್ಚುತ್ತ ಬಿಚ್ಚುತ್ತ ಹತ್ತನೆಯ ತರಗತಿಯವರೆಗೂ ತೊಟ್ಟವಳು. ಅದೇ ಕೈ ತಮ್ಮ ವಿಳಾಸದ ಚೀಟಿಯ ಮೇಲೂ ಆಡಿತು. ಹಳೆಯ ಸಾಲನ್ನು ಅಳಿಸದೆ, ಇರಲಿ ಪಾಪ ಎಂದು ಬಿಟ್ಟು, ಹೊಸದನ್ನು ಕೆಳಗೆ ಸೇರಿಸುತ್ತ ಹೋಗಿದ್ದೆ. ಐದು ವರ್ಷದ ಕೆಳಗೆ ಶಾಲೆಯ ವಾರ್ಷಿಕ ಸಂಚಿಕೆಗೆಂದು ತಂದಿದ್ದ, ಅದೇ ಹೆಸರಿನ ಹಳೆಯ ಪುಟಗಾರನೊಬ್ಬ ಆ ಚೀಟಿಯ ಮೊದಲ ಸಾಲಿನಲ್ಲೇ ಬೀಡುಬಿಟ್ಟಿದ್ದ. ಅವನಿಗೆ ಪೂರ್ಣ ಸಂಖ್ಯೆ ಬಿಟ್ಟು ಬೇರೇನೂ ಓದಲು ಬಾರದು. ಹೊಸಬ, ಅರ್ಧ ಕಾಲುಗಳನ್ನೆಲ್ಲ ಬಲ್ಲವನು, ಹದಿನೇಳನೆಯ ಸಾಲಿನಲ್ಲಿ ಕರೆಗಾಗಿ ಕಾಯುತ್ತಿದ್ದ. ತಾವೋ ಮೇಲಿನಿಂದ ಓದುತ್ತ ಬಂದು, ಮೊದಲು ಸಿಕ್ಕವನ ಕೈಗೆ ಕೆಲಸ ಕೊಟ್ಟು ಚೀಟಿ ಮಡಿಚಿಟ್ಟಿರಿ.

ವಿಷಯ ತಿಳಿದ ಅಮ್ಮ ಚೀಟಿಯಲ್ಲಿ ಎಷ್ಟು ಸಾಲಿದೆ ಎಂದು ಕೇಳಿದರು. ಹದಿನೇಳು ಎಂದೆ. ಬೇಕಾದದ್ದು ಎಷ್ಟು ಎಂದರು. ಐದು ಎಂದೆ. ಮಿಕ್ಕಿದ್ದನ್ನ ಕತ್ತರಿಸು ಎಂದರು. ನಾನು, ಅಮ್ಮಾ, ಎಲ್ಲದಕ್ಕೂ ಮಡಿಚು ಅನ್ನೋರು ನೀವು ಎಂದು ನೆನಪಿಸಿದೆ. ಬೆಳೆಯೋ ಮಕ್ಕಳ ಬಟ್ಟೆಗೆ ಮಡಿಕೆ ಬಿಡೋದು, ಸತ್ತೋರಿಗೆ ಯಾರಾದ್ರೂ ಅಂಗಿ ಹೊಲೀತಾರಾ ಎಂದರು. ಹನ್ನೆರಡು ಸಾಲು ಅಳಿಸಿದೆ. ಪ್ರತಿ ಸಾಲನ್ನೂ ಅಳಿಸುವ ಮೊದಲು ಮೂರು ಸಲ ಓದಿದೆ. ಆ ಹಿಂಜರಿಕೆಯಲ್ಲಿ ತಮ್ಮ ಭಯ ಎಷ್ಟು, ಆ ಗುರುವಾರದ ಭಯ ಎಷ್ಟು ಎಂದು ನನಗೆ ಬೇರ್ಪಡಿಸಲಾಗಲಿಲ್ಲ.

ಮತ್ತೆ ಬಂದ ಪುಟಗಳನ್ನು ಅಮ್ಮ ಆರು ದಿನ ಓದಿದರು. ಗಾಜು ನಿಂತಲ್ಲೆಲ್ಲ ನಾನು ಎದ್ದು ಹೋಗಿ ಅವರ ಭುಜದ ಮೇಲಿಂದ ಇಣುಕುತ್ತಿದ್ದೆ. ಎರಡು ತಪ್ಪು ಸಿಕ್ಕಿದವು. ಎರಡೂ ನನ್ನವು, ತಮ್ಮವಲ್ಲ ಎಂಬುದನ್ನು ಹಲ್ಲು ಕಚ್ಚಿಕೊಂಡು ದಾಖಲಿಸುತ್ತೇನೆ. ಬುಧವಾರ ಸಂಜೆ ಅರವತ್ತನಾಲ್ಕನೆಯ ಪುಟ ಮುಗಿಸಿ, ಇನ್ನು ಏನು ಬೇಕಾದ್ರೂ ಆಗಲಿ ಎಂದು ಭೂತಗನ್ನಡಿಯನ್ನು ಒರೆಸಿ ಡಬ್ಬಿಗೆ ಹಾಕಿದರು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಆದಕಾರಣ ತಮ್ಮಲ್ಲಿ ನನ್ನ ಕೆಲವು ಸಣ್ಣಪುಟ್ಟ ಬೇಡಿಕೆಗಳು. ತಾವು ಯಾವ ಬಾಗಿಲಿನಿಂದ ಬಂದಿದ್ದೀರಿ ಎಂಬುದನ್ನು ಹಣೆಯ ಮೇಲೆ ಬರೆದುಕೊಂಡು ಬರಬೇಕು. ಯಾರೋ ಸಿಗಲಿಲ್ಲ ಎನ್ನುವ ಮೊದಲು ಎಲ್ಲೆಲ್ಲಿ ಹುಡುಕಿದಿರಿ ಎಂದು ಪ್ರವಾಸಕಥನದ ರೂಪದಲ್ಲಿ ನನಗೊಂದು ವರದಿ ಒಪ್ಪಿಸಬೇಕು, ನಕ್ಷೆ ಇದ್ದರೆ ಹೆಚ್ಚಿನ ಅಂಕ. ಜಗತ್ತಿನ ಎಲ್ಲ ಓರೆಗೆರೆಗಳನ್ನೂ ಒಂದೆಡೆ ಸೇರಿಸಿ, ಯಾವ ಕಡೆ ವಾಲಬೇಕೆಂದು ಅವು ತಮ್ಮತಮ್ಮಲ್ಲೇ ತೀರ್ಮಾನಿಸಿಕೊಳ್ಳುವ ತನಕ ಊಟ ಹಾಕಬಾರದು. ಇದ್ಯಾವುದೂ ಆಗದಿದ್ದರೆ, ಕಡೆಯ ಪಕ್ಷ ನನ್ನ ತರಗತಿಯ ಹಿಂದಿನ ಬೆಂಚಿಗೆ ಬಂದು ಒಂದು ವರ್ಷ ಕುಳಿತುಕೊಳ್ಳಿ. ಅಂಚೆಯ ವಿಳಾಸ ಓದುವುದನ್ನು ಮೊದಲ ತಿಂಗಳಲ್ಲೇ ಕಲಿಸುತ್ತೇನೆ.

ಇಷ್ಟಾಗಿಯೂ ಈ ಪತ್ರವನ್ನು ತಮ್ಮಲ್ಲೇ ಬರೆದು, ತಮ್ಮಲ್ಲೇ ಉಳಿಸಿ, ಎಲ್ಲಿ ಉಳಿಸಿದಿರೋ ಎಂದು ಹೆದರಿಕೊಂಡಿರುವ,

ತಮ್ಮ ವಿಶ್ವಾಸಿ,
ಹೊಲಿಗೆ ಟೀಚರಮ್ಮನ ಮಗಳು

ತಾ.ಕ.: ನಿನ್ನೆ ಬೆಳಿಗ್ಗೆ ಅಮ್ಮನ ಕಣ್ಣಿನ ಪಟ್ಟಿ ಬಿಚ್ಚಿದರು. ಮಧ್ಯಾಹ್ನ ಅವರನ್ನು ಮನೆಗೆ ಕರೆತಂದು ಕೋಣೆಯ ಆಚೆ ತುದಿಯ ಕುರ್ಚಿಯಲ್ಲಿ ಕೂರಿಸಿ, ಪುಸ್ತಕವನ್ನು ಅಚ್ಚಿಗೆ ಕಳಿಸೋಣವೆಂದು ತಮ್ಮನ್ನು ತೆರೆದೆ. ತಾವು ಯಾರನ್ನೂ ಕೇಳದೆ ಹೊಸ ಆವೃತ್ತಿಗೆ ಬಡ್ತಿ ಪಡೆದು, ನಾನು ಈವರೆಗೆ ಕಂಡಿರದ ಹೊಸದೊಂದು ಕೆಂಪು ಸಾಲನ್ನು ಪರದೆಯ ತಳದಲ್ಲಿ ಬರೆದಿರಿ. ಅಮ್ಮನಿಗೆ ಬೇಸರವಾಗದಿರಲಿ ಎಂದು ನಾನು ಬಾಯಿ ಬಿಡಲಿಲ್ಲ. ಕುರ್ಚಿಯಿಂದ ಏಳದೆ, ಭೂತಗನ್ನಡಿಯಿಲ್ಲದೆ, ಅಮ್ಮ ಆ ಸಾಲನ್ನು ಮೊದಲ ಅಕ್ಷರದಿಂದ ಕೊನೆಯ ಚುಕ್ಕಿಯ ತನಕ ನನಗೆ ಓದಿ ಹೇಳಿದರು. ಅದು ಏನೆಂದು ನನಗೆ ಅರ್ಥವಾಗಲಿಲ್ಲ, ಇನ್ನೂ ಅದನ್ನು ಸರಿಪಡಿಸಿಯೂ ಇಲ್ಲ. ಇನ್ನೊಂದು ಸಲ ಓದಿ ಅಮ್ಮಾ ಎಂದು ಕೇಳುತ್ತಲೇ ಇದ್ದೇನೆ.